ಬೀಗದಕೈ ಯಾರ ಹತ್ತಿರ ಇತ್ತು?

ಪಿಟೀಲಿಗೆ ನಾಲ್ಕು ತಂತಿ ಸಾಲದೆಂದು ಏಳು ತಂತಿ ಕಟ್ಟಿದ ಚೌಡಯ್ಯನವರು ತಿರುಮಕೂಡಲಿನವರು. 1895ರಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಹತ್ತಿರ ಪಾಠ ಹೇಳಿಸಿಕೊಂಡು, ಕಛೇರಿಗೆ ಮೈಕು ಇನ್ನೂ ಬಂದಿರದ ಕಾಲದಲ್ಲಿ ದೊಡ್ಡ ದೊಡ್ಡ ವಿದ್ವಾಂಸರಿಗೆ ಪಕ್ಕವಾದ್ಯ ನುಡಿಸಿದವರು. ಚಪ್ಪರದ ಕೊನೆಯಲ್ಲಿ ಕೂತವರಿಗೆ ಪಿಟೀಲು ಸರಿಯಾಗಿ ಕೇಳುತ್ತಿರಲಿಲ್ಲ. ಮೊದಲ ಮೂರು ತಂತಿಗಳಿಗೆ ಒಂದೊಂದು ಜೊತೆ ತಂತಿ ಬಿಗಿದು ನಾದವನ್ನು ದಪ್ಪ ಮಾಡಿದರು. ಮುಂದಿನ ಸಾಲಿನವರಿಗೆ ಸಿಕ್ಕಿದ್ದು ಅದೇ ಗಳಿಗೆಯಲ್ಲಿ ಹಿಂದಿನ ಸಾಲಿನವರಿಗೂ ಸಿಗಬೇಕು. ನನ್ನ ಸಂಬಳ ಬರುತ್ತಿರುವುದೂ ಇದೇ ಸಮಸ್ಯೆಯ ಲೆಕ್ಕದಲ್ಲಿ.

ಬೆಂಗಳೂರಿನ ಕಂಪನಿಯೊಂದರಲ್ಲಿ ನಾನು ಆ್ಯಪ್ ವಿನ್ಯಾಸ ಮಾಡುವವಳು. ಬೇರೆ ಬೇರೆ ಊರಲ್ಲಿರುವ ನಾಲ್ಕಾರು ಗೆಳೆಯರು ಪಂದ್ಯವೋ ಜಾತ್ರೆಯೋ ಯಾವುದಾದರೂ ಒಂದು ಲೈವ್ ಪ್ರಸಾರವನ್ನು ತಮ್ಮ ತಮ್ಮ ಫೋನಿನಲ್ಲಿ ಒಟ್ಟಿಗೆ ನೋಡಬೇಕು, ಅದಕ್ಕೊಂದು ಏರ್ಪಾಡು ಮಾಡಿಕೊಡಬೇಕು. ಈಗ ಕೈಯಲ್ಲಿರುವ ಕೆಲಸ ಇದು. ಮೀಟಿಂಗುಗಳಲ್ಲಿ ಇದರ ಚರಿತ್ರೆ ಹೇಳುವವರು 2018ರ ಫೇಸ್‌ಬುಕ್ ವಾಚ್ ಪಾರ್ಟಿಯಿಂದ ಶುರುಮಾಡುತ್ತಾರೆ. ನನಗೆ ಒಳಗೊಳಗೇ ನಗು. ನನ್ನ ತವರು ನಂಜನಗೂಡು, ಸೋದರತ್ತೆಯನ್ನು ಕೊಟ್ಟದ್ದು ತಿರುಮಕೂಡಲು ನರಸೀಪುರಕ್ಕೆ, ಅಂದರೆ ತಿ. ನರಸೀಪುರಕ್ಕೆ, ಅಪ್ಪ ರೇಡಿಯೋ, ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದವರು. ಕೂಡಿ ಕೇಳುವ, ಕೂಡಿ ನೋಡುವ ಪದ್ಧತಿಗೆ ಈ ಎರಡು ತಾಲ್ಲೂಕುಗಳಲ್ಲಿ ಎಷ್ಟು ಬಗೆಯ ಕಟ್ಟುಪಾಡುಗಳಿದ್ದವು ಎಂದು ತಿಳಿದರೆ ಆ ಮೀಟಿಂಗು ಅಷ್ಟು ಹೊತ್ತು ನಡೆಯಬೇಕಾಗಿಲ್ಲ.

ಮೊದಲು ಇದ್ದದ್ದು ಕೇಳುವುದು. ನೀಲಗಾರರು ತಂಬೂರಿ ಹಿಡಿದು, ಕಾಲಿಗೆ ಗಗ್ಗರ ಕಟ್ಟಿ, ದಮ್ಮಡಿ ಬಡಿಯುವವರನ್ನು ಜೊತೆಗಿಟ್ಟುಕೊಂಡು ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುತ್ತಿದ್ದರು. ಮುಂದಾಳು ಒಂದು ಮಾತು ಎತ್ತಿದರೆ ಹಿಮ್ಮೇಳದವರು ಅದನ್ನೇ ಹಿಡಿದು ಹಾಡುತ್ತಾರೆ; ಆ ಹೊತ್ತಿನಲ್ಲಿ ಕೇಳುವವನು ಎಲೆ ಅಡಿಕೆ ಹಾಕಿಕೊಳ್ಳಬಹುದು, ಮಗುವನ್ನು ಮಲಗಿಸಬಹುದು, ಪಕ್ಕದವನ ಹತ್ತಿರ ಎರಡು ಮಾತಾಡಬಹುದು. ಕಥೆ ಕೈತಪ್ಪುವುದಿಲ್ಲ. ಅಗ್ರಹಾರದ ಕಡೆ ಗಮಕ ವಾಚನಕ್ಕೆ ಇಬ್ಬರು ಕೂರುತ್ತಿದ್ದರು. ಕುಮಾರವ್ಯಾಸನನ್ನು ರಾಗವಾಗಿ ಓದಲು ಒಬ್ಬರು, ಅರ್ಥ ಬಿಡಿಸಿ ಹೇಳಲು ಇನ್ನೊಬ್ಬರು. ಮನೆಯ ಕಥೆಯಾದರೂ ಸರಿ, ಅಜ್ಜಿ ಹೇಳುವಾಗ ಮೊಮ್ಮಕ್ಕಳಲ್ಲಿ ಒಬ್ಬರು ಹೂಂಗುಟ್ಟುತ್ತಲೇ ಇರಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ನಮ್ಮ ಕಂಪನಿ ಪರದೆಯ ಮೇಲೆ ಹೃದಯದ ಚಿತ್ರಗಳನ್ನು ಹಾರಿಸಿ ಮಾಡಲು ಹೊರಟಿರುವುದು ಈ ಹೂಂ ಮಾಡುತ್ತಿದ್ದ ಕೆಲಸವನ್ನೇ. ಹೂಂಗೆ ಕಣ್ಣು ಬೇಕಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ರೇಡಿಯೋ ಹತ್ತಿರದಲ್ಲೇ ಹುಟ್ಟಿತು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಪ್ರಸಾರ ಶುರುಮಾಡಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರು ಆಮೇಲೆ ಇಡೀ ದೇಶದ್ದಾಯಿತು. ಮನೆಮನೆಗೆ ರೇಡಿಯೋ ಬರಲು ಮಾತ್ರ ದಶಕಗಳೇ ಹಿಡಿದವು. ಅಲ್ಲಿಯವರೆಗೆ ಪಂಚಾಯಿತಿ ರೇಡಿಯೋ. ಒಳಗೆ ಪೆಟ್ಟಿಗೆ, ಹೊರಗೆ ಮರಕ್ಕೋ ಗೋಡೆಗೋ ಕಟ್ಟಿದ ಲೌಡ್‌ಸ್ಪೀಕರ್. ಅಪ್ಪನ ಕಸುಬು ಶುರುವಾದದ್ದೇ ಹಳ್ಳಿಗಳ ಈ ಪೆಟ್ಟಿಗೆಗಳ ವಾಲ್ವ್ ಬದಲಾಯಿಸುವುದರಿಂದ. ಸೈಕಲ್ ಮೇಲೆ ಹೋದರೆ ಮೊದಲು ಹುಡುಕಬೇಕಾದದ್ದು ಬೀಗದಕೈ ಇಟ್ಟುಕೊಂಡವನನ್ನು. ಅವನು ಗದ್ದೆಗೆ ಹೋಗಿದ್ದರೆ ಊರಿಗೆ ಊರೇ ಅವತ್ತು ರೇಡಿಯೋ ಕೇಳುವ ಹಾಗಿಲ್ಲ.

ಆ ಕಾಲದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. 1956ರಲ್ಲಿ ಪುಣೆಯ ಸುತ್ತಲಿನ 5 ಜಿಲ್ಲೆಗಳ 150 ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ರೇಡಿಯೋ ಗ್ರಾಮೀಣ ಕೂಟಗಳನ್ನು ಕಟ್ಟಿದರು; 1959ರಿಂದ ಅವನ್ನು ದೇಶಕ್ಕೆಲ್ಲ ಹರಡಲು ಹೊರಟರು. ಒಂದು ಕೂಟದಲ್ಲಿ ಹೆಚ್ಚೆಂದರೆ 20 ಜನ. ವಾರಕ್ಕೆ ಎರಡು ದಿನ ಅರ್ಧ ಗಂಟೆಯ ಕಾರ್ಯಕ್ರಮ ಕೇಳಬೇಕು, ಮುಗಿದ ಮೇಲೆ ಕೂತು ಚರ್ಚೆ ಮಾಡಬೇಕು, ಹುಟ್ಟಿದ ಪ್ರಶ್ನೆಗಳನ್ನು ಬರೆದು ನಿಲಯಕ್ಕೆ ಕಳಿಸಬೇಕು. ಉತ್ತರ ಮುಂದಿನ ಪ್ರಸಾರದಲ್ಲಿ ಬರುತ್ತಿತ್ತು. ಕಾರ್ಯಕ್ರಮ ನಡೆಯುವಾಗ ಮಾತಿಲ್ಲ, ಮುಗಿದ ಮೇಲೆ ಮಾತಿಗೆ ತಡೆಯಿಲ್ಲ. ಮೂಲ ಕಲ್ಪನೆ ಕೆನಡಾದ ರೈತರ ರೇಡಿಯೋ ಕೂಟಗಳದ್ದು. ಲೈವ್ ಓಡುತ್ತಿರುವಾಗಲೇ ಬದಿಯಲ್ಲಿ ಸಾವಿರ ಜನ ಒಟ್ಟಿಗೆ ಬರೆಯುವ ಸಾಲುಗಳು ಸರ್ರನೆ ಮೇಲಕ್ಕೆ ಹೋಗುವುದನ್ನು ನೋಡುವಾಗೆಲ್ಲ ನನಗೆ ಈ ಕೂಟದ ನೆನಪಾಗುತ್ತದೆ. ಯಾರು ಓದುತ್ತಾರೆ ಅದನ್ನು?

ಟೆಂಟ್ ಸಿನಿಮಾದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಒಂದೇ ಮಾತು ಹೇಳುತ್ತೇನೆ. ಆಟ ಶುರುವಾಗುವ ಮುಂಚೆ ಘಂಟಸಾಲ ಅವರ ‘ನಮೋ ವೆಂಕಟೇಶ’ ತಟ್ಟೆ ಹಾಕುತ್ತಿದ್ದರು. ಅದು ಕೇಳಿಸಿದ ತಕ್ಷಣ ಹೆಂಗಸರು ಒಲೆ ಆರಿಸಿ ಹೊರಡುತ್ತಿದ್ದರು. ಎಲ್ಲರನ್ನೂ ಒಂದೇ ಹೊತ್ತಿಗೆ ಒಂದು ಕಡೆ ಸೇರಿಸಲು ಆ ಒಂದು ತಟ್ಟೆ ಸಾಕಾಗಿತ್ತು. ಇವತ್ತಿನ ಫೋನು ದಿನಕ್ಕೆ ನೂರು ಸಲ ಟಿಂಗ್ ಅನ್ನುತ್ತದೆ, ಯಾರೂ ಏಳುವುದಿಲ್ಲ.

ಟಿ.ವಿ. ಬಂದ ಬಗೆ ಬೇರೆ. ಕರ್ನಾಟಕದ ಹಳ್ಳಿ ಮೊದಲು ಟಿ.ವಿ. ಕಂಡದ್ದು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ. ಅಮೆರಿಕದಿಂದ ಎರವಲು ಪಡೆದ ಉಪಗ್ರಹ, 6 ರಾಜ್ಯಗಳ ಸುಮಾರು 2,400 ಹಳ್ಳಿಗಳು. ನಮ್ಮಲ್ಲಿ ಆ ಭಾಗ್ಯ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ, ಮೈಸೂರಿಗಲ್ಲ. ಶಾಲೆಯಲ್ಲೋ ಪಂಚಾಯಿತಿಯಲ್ಲೋ ಒಂದು ಸೆಟ್ಟು, ಊರೆಲ್ಲ ಅದರ ಮುಂದೆ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಯಿತು. ನಂಜನಗೂಡಿನ ತಾರಸಿಗಳ ಮೇಲೆ ಕಬ್ಬಿಣದ ಪೈಪು ನೆಟ್ಟು, ಮೈಸೂರಿನ ದಿಕ್ಕಿಗೆ ಆಂಟೆನಾ ತಿರುಗಿಸಿ, ಬೂಸ್ಟರ್ ಹಾಕಿ ಚುಕ್ಕಿಗಳ ನಡುವೆ ಮುಖ ಹುಡುಕುವ ಕಾಲ ಅದಾದ ಮೇಲಿನದು. ತಾರಸಿಯ ಮೇಲೆ ಅಪ್ಪ, ಕಿಟಕಿಯಲ್ಲಿ ನಾನು, ಸೆಟ್ಟಿನ ಮುಂದೆ ಮನೆಯವರು. “ಬಂತಾ?” ಎಂದು ಮೇಲಿನಿಂದ ಕೇಳಿದ್ದನ್ನು ಒಳಕ್ಕೆ, “ಬಂತು ಬಂತು... ಅಯ್ಯೋ ಹೋಯ್ತು” ಎಂಬುದನ್ನು ಮೇಲಕ್ಕೆ ದಾಟಿಸುವುದೇ ನನ್ನ ಕೆಲಸ.

1987ರ ಜನವರಿ 25, ಭಾನುವಾರ. ರಮಾನಂದ ಸಾಗರರ ‘ರಾಮಾಯಣ’ ಶುರುವಾದ ದಿನ. 1988ರ ಜುಲೈ ಕೊನೆಯವರೆಗೆ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬೀದಿಗಳೆಲ್ಲ ಖಾಲಿ. ಇದು ಎಲ್ಲರಿಗೂ ಗೊತ್ತಿರುವ ಮಾತು. ಅಷ್ಟಾಗಿ ಹೇಳದೆ ಬಿಟ್ಟದ್ದು ಏನೆಂದರೆ, ಅದು ಹಿಂದಿಯಲ್ಲಿತ್ತು, ನೋಡುತ್ತಿದ್ದವರಲ್ಲಿ ಬಹುತೇಕ ಯಾರಿಗೂ ಹಿಂದಿ ಬರುತ್ತಿರಲಿಲ್ಲ. ತಿ. ನರಸೀಪುರದಲ್ಲಿ ಅತ್ತೆಯ ಮನೆ ಬೀದಿಯಲ್ಲಿ ಟಿ.ವಿ. ಇದ್ದದ್ದು ಒಂದು ಮನೆಯಲ್ಲಿ. ಅಲ್ಲಿಗೆ ಮಿಲಿಟರಿಯಿಂದ ಪಿಂಚಣಿ ತೆಗೆದುಕೊಂಡು ಬಂದಿದ್ದ ಒಬ್ಬರನ್ನು ಕರೆಸಿ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಮನೆಯ ಯಜಮಾನರೂ ಚಾಪೆಯ ಮೇಲೆ, ಇವರೊಬ್ಬರು ಕುರ್ಚಿಯ ಮೇಲೆ. ಒಂದು ಮಾತು ಮುಗಿದ ಕೂಡಲೇ ಅವರು ಕನ್ನಡದಲ್ಲಿ ಹೇಳುವರು. ಹೆಚ್ಚು ಹೇಳಿದರೆ ಮುಂದಿನ ಮಾತು ತಪ್ಪಿಹೋಗುತ್ತದೆ, ಕಡಿಮೆ ಹೇಳಿದರೆ ಹೆಂಗಸರು ಬಿಡುವುದಿಲ್ಲ. ಕಥೆ ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ, ಮುದುಕಿಯೊಬ್ಬಳು ನಡುವೆ ಬಾಯಿ ಹಾಕುವಳು: “ಅದು ಅಂಗಲ್ಲ ಕಣಪ್ಪ, ಕೈಕೆ ಅಂಗೇಳಿಲ್ಲ.” ತಡವಾಗಿ ಬಂದವರು ಬಾಗಿಲಲ್ಲೇ ನಿಂತು “ಎಲ್ಲಿಗಂಟ ಬಂತವ್ವ?” ಎಂದು ಕೇಳುವುದು, ಬಾಗಿಲ ಪಕ್ಕ ಕೂತವಳು ಕಣ್ಣು ಕದಲಿಸದೆ ಅರ್ಧ ಮಾತಿನಲ್ಲಿ “ಕಾಡ್ಗೊಂಟವ್ರೆ” ಎಂದು ಒಪ್ಪಿಸುವುದು. ಆ ಅರ್ಧ ಮಾತು ಸಾಕು, ಬಂದವಳು ಎಲ್ಲರ ಜೊತೆ ಸೇರಿದಳು. ಗಮಕದ ವ್ಯಾಖ್ಯಾನಕಾರ, ಕಥೆಯ ಹೂಂ, ಎಲ್ಲವೂ ಆ ಹಜಾರದಲ್ಲಿ ತಿರುಗಿ ಬಂದಿದ್ದವು.

ಹಾಗೆಂದು ಆ ಹಜಾರಗಳನ್ನು ಹೊಗಳಲು ನಾನು ತಯಾರಿಲ್ಲ. ಎಲ್ಲರೂ ಒಳಗೆ ಕೂರುತ್ತಿರಲಿಲ್ಲ. ಕೆಲವರು ಜಗಲಿಯಲ್ಲಿ, ಕೆಲವರು ಅಂಗಳದಲ್ಲಿ ನಿಂತು, ಕೆಲವರು ಕಿಟಕಿಯ ಸರಳು ಹಿಡಿದು. ಯಾರು ಎಲ್ಲಿ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಜಾತಿ ಹೇಳಿಯಾಗಿತ್ತು. ದೇವಸ್ಥಾನ ಪ್ರವೇಶದ ಜಗಳ 1993ರಲ್ಲಿ ಮೂವರು ದಲಿತರ ಕೊಲೆಯವರೆಗೆ ಹೋದ ಬದನವಾಳು ನಂಜನಗೂಡು ತಾಲ್ಲೂಕಿನದೇ. ಪಂಚಾಯಿತಿ ಟಿ.ವಿ. ಎಲ್ಲರದ್ದು ಎಂದು ಕಾಗದದಲ್ಲಿತ್ತು. ಅದನ್ನಿಟ್ಟಿದ್ದ ಕೋಣೆಯ ಬೀಗದಕೈ ಯಾವ ಬೀದಿಯವರ ಹತ್ತಿರ ಇತ್ತೋ ಆ ಬೀದಿಯವರಿಗೆ ಮೊದಲ ಸಾಲು. ಅಪ್ಪ ಕೇರಿಗಳಿಗೂ ರಿಪೇರಿಗೆ ಹೋಗುತ್ತಿದ್ದರು. ಕೇರಿಯ ಮೊದಲ ಸೆಟ್ಟಿಗೆ ಆಂಟೆನಾ ಕಟ್ಟಿಬಂದ ದಿನ ಅವರಿಗೆ ಅಂಗಡಿಯ ಪಕ್ಕದವರು ಏನೆಂದರೋ ನನಗೆ ಗೊತ್ತು, ಬರೆಯುವುದಿಲ್ಲ. ಇವತ್ತು ಕೈಯಲ್ಲಿ ಫೋನು ಹಿಡಿದು ಒಬ್ಬಂಟಿಯಾಗಿ ಪಂದ್ಯ ನೋಡುವ ಹುಡುಗನನ್ನು ಕಂಡು ‘ಹಿಂದೆ ಎಲ್ಲ ಕೂಡಿ ನೋಡುತ್ತಿದ್ದೆವು’ ಎಂದು ಮರುಗುವವರು, ಅವನ ಅಜ್ಜ ಎಲ್ಲಿ ನಿಂತು ನೋಡಿದ್ದ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಕೂಡಿ ನೋಡುವುದರ ನಿಜವಾದ ಪ್ರಜಾಪ್ರಭುತ್ವ ನಾನು ಕಂಡದ್ದು ವಿಡಿಯೋ ರಾತ್ರಿಗಳಲ್ಲಿ. ಗಣೇಶನನ್ನು ಕೂರಿಸಿದಾಗ ಹುಡುಗರು ಚಂದಾ ಎತ್ತಿ ಕಲರ್ ಟಿ.ವಿ., ವಿ.ಸಿ.ಪಿ. ಬಾಡಿಗೆಗೆ ತರುತ್ತಿದ್ದರು. ಒಂದು ರಾತ್ರಿಗೆ ಮೂರು ಸಿನಿಮಾ. ಯಾವ ಮೂರು ಎಂಬ ಜಗಳ ಒಂದು ವಾರ ಮೊದಲೇ ಶುರು. ಮೊದಲನೆಯದು ರಾಜ್‌ಕುಮಾರ್ ಅವರದ್ದು, ಅದರಲ್ಲಿ ಎರಡನೇ ಮಾತಿಲ್ಲ, ಹಿರಿಯರು ಹೆಂಗಸರು ಎಚ್ಚರವಿರುವಾಗಲೇ ಅದು ಆಗಬೇಕು. ಎರಡನೆಯದಕ್ಕೆ ವಿಷ್ಣುವರ್ಧನ್ ಕಡೆಯವರಿಗೂ ಅಂಬರೀಷ್ ಕಡೆಯವರಿಗೂ ಪಟ್ಟು. ಮೂರನೆಯದು ಬೆಳಗಿನ ಜಾವದ್ದು, ಹುಡುಗರ ಆಯ್ಕೆ, ಅದನ್ನು ಯಾರೂ ಕೇಳುತ್ತಿರಲಿಲ್ಲ. ಕ್ಯಾಸೆಟ್ ಸಿಕ್ಕಿಕೊಂಡರೆ, ಹೆಡ್ ಕೊಳೆಯಾಗಿ ಗೆರೆ ಬಂದರೆ ಅಪ್ಪನನ್ನು ಎಬ್ಬಿಸಿಕೊಂಡು ಹೋಗುವರು. ಕರೆಂಟು ಹೋದರೆ ಇನ್ನೂ ಚೆನ್ನ: ಕರೆಂಟು ಬರುವವರೆಗೆ ಅಲ್ಲಿಯವರೆಗಿನ ಕಥೆಯ ವಿಮರ್ಶೆ, ಡೈಲಾಗ್ ಹೇಳಿ ತೋರಿಸುವುದು. ಬಂದ ಮೇಲೆ ಎಲ್ಲಿಂದ ಹಾಕಬೇಕು ಎಂಬುದಕ್ಕೆ ಎಲ್ಲರ ಒಪ್ಪಿಗೆ ಬೇಕು. ನಮ್ಮ ಆ್ಯಪಿನಲ್ಲಿ ‘ಮುಂದೆ ಏನು ನೋಡೋಣ’ ಎಂಬ ಪಟ್ಟಿಯ ಮೇಲೆ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಗಣೇಶನ ಪೆಂಡಾಲಿನ ಹುಡುಗರು ಅದನ್ನು ಸರದಿಯ ಮೇಲೆ ಬಗೆಹರಿಸಿ ಮೂವತ್ತು ವರ್ಷಗಳ ಮೇಲಾಯಿತು.

ಕೇಬಲ್ ಬಂದಾಗ ಅಂಗಡಿಯ ಸೆಟ್ಟು ಬೀದಿಯ ಕಡೆ ತಿರುಗಿತು. 1996ರ ಅಕ್ಟೋಬರ್ 21ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಮೇಲೆ ಶ್ರೀನಾಥ್, ಕುಂಬ್ಳೆ ಒಂಬತ್ತನೇ ವಿಕೆಟ್‌ಗೆ ಮುರಿಯದ 52 ರನ್ ಸೇರಿಸಿ ಗೆಲ್ಲಿಸಿದರಲ್ಲ, ಆ ರಾತ್ರಿ ಅಪ್ಪನ ಅಂಗಡಿಯ ಮುಂದೆ ಸೈಕಲ್ ಮೇಲೆ ಒಂದು ಕಾಲು ಊರಿ ನಿಂತಿದ್ದವರು ಕಾಲು ಬದಲಾಯಿಸಲಿಲ್ಲ. “ಯಾರೂ ಕದಲಬೇಡ್ರಪ್ಪೋ, ಔಟಾಗೋಯ್ತಾನೆ!” ಶ್ರೀನಾಥ್ ಮೈಸೂರಿನ ಹುಡುಗ, ನಮ್ಮವನೇ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಮನೆಗಳಿಂದ ಕೂಗು ಒಟ್ಟಿಗೇ ಎದ್ದಿತು.

ಆ ‘ಒಟ್ಟಿಗೇ’ ಈಗ ಹೋಗಿದೆ. ಇಂಟರ್ನೆಟ್ಟಿನಲ್ಲಿ ಲೈವ್ ಎಂದರೆ ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಕಳಿಸುವುದು. ಫೋನು ಒಂದೆರಡು ತುಂಡು ಕೂಡಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ, ನಡುವೆ ನಿಂತುಹೋಗಬಾರದಲ್ಲ. ಹೀಗಾಗಿ ಮೈದಾನದಲ್ಲಿ ಚೆಂಡು ಬಿದ್ದ ಮೇಲೆ ಅರ್ಧ ನಿಮಿಷದವರೆಗೂ ತಡವಾಗಬಹುದು, ಅದೂ ಒಂದೊಂದು ಫೋನಿನಲ್ಲಿ ಒಂದೊಂದು ಲೆಕ್ಕ. 2023ರ ವಿಶ್ವಕಪ್ ಫೈನಲ್ ದಿನ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 5.9 ಕೋಟಿ ಜನ ನೋಡಿದರು ಎಂಬುದು ಆಗಿನ ದಾಖಲೆ. ಏಕಕಾಲ ಎಂಬುದು ಕಂಪನಿಯ ಲೆಕ್ಕ. 2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದಾಗ ನಂಜನಗೂಡಿನ ನಮ್ಮ ಬೀದಿಯಲ್ಲಿ ಕೇಬಲ್ ಇದ್ದ ಮನೆಯವರು ಪಟಾಕಿ ಹಚ್ಚಿದರು. ನನ್ನ ಫೋನಿನಲ್ಲಿ ಕೊನೆಯ ಓವರು ಇನ್ನೂ ನಡೆಯುತ್ತಿತ್ತು.

ಕೊರೋನಾ ಬಂದಾಗ ದೂರದಿಂದ ನೋಡುವುದು ಬೇರೆ ದಾರಿಯೇ ಇಲ್ಲದ ಸ್ಥಿತಿಯಾಯಿತು. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಕಂಡು ಊರನ್ನೇ ಮುಚ್ಚಿದರು. ಏಪ್ರಿಲ್‌ನಲ್ಲಿ ಆಗಬೇಕಿದ್ದ ದೊಡ್ಡಜಾತ್ರೆ ಆಗಲಿಲ್ಲ. ಗಣಪತಿ, ಶ್ರೀಕಂಠೇಶ್ವರ, ಅಮ್ಮನವರು, ಸುಬ್ರಹ್ಮಣ್ಯ, ಚಂಡಿಕೇಶ್ವರ ಎಂದು ಐದು ತೇರು ಎಳೆಯುವ ಬೀದಿಯಲ್ಲಿ ಹಣ್ಣು ಜವನ ಎಸೆಯುವವರಿಲ್ಲ. ಆ ವರ್ಷ ದಸರೆಯ ಜಂಬೂ ಸವಾರಿಯೂ ಅರಮನೆಯ ಆವರಣದೊಳಗೆ ಕೇವಲ 300 ಜನರ ಮುಂದೆ ನಡೆಯಿತು, ಉಳಿದವರಿಗೆ ನೇರಪ್ರಸಾರ. ಡಿಸೆಂಬರ್ 14ರ ತಲಕಾಡು ಪಂಚಲಿಂಗ ದರ್ಶನಕ್ಕೂ ಹೆಚ್ಚು ಜನರನ್ನು ಬಿಡಲಿಲ್ಲ, ಆನ್‌ಲೈನಿನಲ್ಲಿ ನೋಡಿ ಎಂದರು. 1989ರಲ್ಲಿ ಶುರುವಾದ ತಿರುಮಕೂಡಲಿನ ಕುಂಭಮೇಳ ಮೂರು ವರ್ಷಕ್ಕೊಮ್ಮೆ ನಡೆಯುವುದು, 2022ರಲ್ಲಿ ತಪ್ಪಿತು.

ಅದೇ ಹೊತ್ತಿನಲ್ಲಿ ಹೊರಗಿನ ಜಗತ್ತಿನಲ್ಲಿ ದೂರದಲ್ಲಿದ್ದವರು ಒಟ್ಟಿಗೆ ನೋಡಲು ಟೆಲಿಪಾರ್ಟಿ ಜನಪ್ರಿಯವಾಯಿತು, 2021ರಲ್ಲಿ ಆ್ಯಪಲ್ ಶೇರ್‌ಪ್ಲೇ ತಂದಿತು, ಫೇಸ್‌ಬುಕ್ ತನ್ನ ವಾಚ್ ಪಾರ್ಟಿಯನ್ನು ಅದೇ ವರ್ಷ ಏಪ್ರಿಲ್‌ನಲ್ಲಿ ಮುಚ್ಚಿತು. ಮುಚ್ಚಿದ್ದಕ್ಕೆ ನನಗೆ ಆಶ್ಚರ್ಯವಿಲ್ಲ. ನಾನು ನೋಡಿದ ಹೆಚ್ಚಿನ ವಾಚ್ ಪಾರ್ಟಿಗಳಲ್ಲಿ ಒಬ್ಬರು ತೋರಿಸುವವರು, ನೂರಾರು ಅಪರಿಚಿತರು ಬಂದು ಹೋಗುವವರು. ಮನೆಯವರನ್ನೇ ಸಂತೆಯಲ್ಲಿ ಕೂರಿಸಿದ ಹಾಗೆ.

2025ರ ಫೆಬ್ರವರಿ 10ರಿಂದ 12ರವರೆಗೆ ಕುಂಭಮೇಳ ನಡೆದಾಗ ನಮ್ಮ ಏರ್ಪಾಡಿನ ಕಚ್ಚಾ ರೂಪವನ್ನು ಅತ್ತೆಗೆ ಕೊಟ್ಟೆ. ಮಂಡಿನೋವು, ಸಂಗಮದ ಮರಳಿಗೆ ಇಳಿಯಲಾರರು. ಅವರ ಗೆಳತಿಯರು ಮೂವರು, ಒಬ್ಬರು ಮೈಸೂರಿನಲ್ಲಿ ಮಗಳ ಮನೆಯಲ್ಲಿ, ಒಬ್ಬರು ಚಾಮರಾಜನಗರದಲ್ಲಿ, ಒಬ್ಬರು ದುಬೈನಲ್ಲಿ ಮೊಮ್ಮಗುವಿನ ಬಾಣಂತನಕ್ಕೆ ಹೋದವರು. ಬರೆಯುವ ಜಾಗವನ್ನು ನಾಲ್ವರಲ್ಲಿ ಯಾರೂ ಮುಟ್ಟಲಿಲ್ಲ. ಧ್ವನಿ ತೆರೆದಿಟ್ಟುಕೊಂಡು ಅವರವರ ಅಡಿಗೆಮನೆಯ ಸದ್ದಿನ ಜೊತೆ ನೋಡಿದರು. ದುಬೈಯವರ ಚಿತ್ರ ಹಿಂದೆ ಬಿದ್ದಾಗ ಉಳಿದ ಮೂರನ್ನೂ ಅವರ ಲೆಕ್ಕಕ್ಕೆ ತಡೆದು ನಿಲ್ಲಿಸುವ ಹಾಗೆ ನಾವು ಮಾಡಿದ್ದೆವು, ನಿಧಾನವಾದವರ ಜೊತೆ ಎಲ್ಲರೂ ನಿಧಾನ. ಕಚೇರಿಯಲ್ಲಿ ಇದಕ್ಕೆ ವಿರೋಧವಿತ್ತು: ಚೆನ್ನಾಗಿ ನೆಟ್‌ವರ್ಕ್ ಇರುವವರು ಯಾಕೆ ಕಾಯಬೇಕು? ಅತ್ತೆಯ ಗುಂಪಿನಲ್ಲಿ ಆ ಪ್ರಶ್ನೆ ಏಳಲೇ ಇಲ್ಲ. ಆರತಿ ಎತ್ತಿದಾಗ ನಾಲ್ಕು ಕಡೆಯಿಂದಲೂ ಒಂದೇ ಸಲ “ನಂಜುಂಡಪ್ಪಾ” ಬಂತು. ಚಾಮರಾಜನಗರದವರು ಎದ್ದು ಹೋಗಿ ಬಂದವರು ಕೇಳಿದ್ದು “ಎಲ್ಲಿಗಂಟ ಬಂತು?” ಹಿಂದಕ್ಕೆ ಹೋಗಿ ನೋಡುವ ಗುಂಡಿಯಿತ್ತು. ಅವರಿಗೆ ಗೆಳತಿಯ ಬಾಯಲ್ಲಿ ಕೇಳುವುದು ಬೇಕಿತ್ತು. ಆ ಗುಂಡಿಯನ್ನು ತೆಗೆಸಿದೆ.

ಒಂದು ಗುಂಪಿಗೆ ಆರೇ ಜನ, ಧ್ವನಿ ಮೊದಲು, ನಿಧಾನವಾದವರ ಗಡಿಯಾರವೇ ಎಲ್ಲರ ಗಡಿಯಾರ, ಎಷ್ಟು ಜನ ನೋಡುತ್ತಿದ್ದಾರೆ ಎಂಬ ಅಂಕಿ ಪರದೆಯ ಮೇಲೆ ಇಲ್ಲ. ಇಷ್ಟಕ್ಕೆ ಪಟ್ಟು ಹಿಡಿದಿದ್ದೇನೆ. ಕೊನೆಯ ಜಗಳ ಇನ್ನೂ ಮುಗಿದಿಲ್ಲ: ಗುಂಪಿನ ಯಜಮಾನಿಕೆ ಯಾರದ್ದು, ತೆರೆಯುವ ಮುಚ್ಚುವ ಅಧಿಕಾರ ಒಬ್ಬರಿಗೋ ಎಲ್ಲರಿಗೋ? ನಾನು ಎಲ್ಲರಿಗೂ ಎನ್ನುವವಳು.

ಇದನ್ನು ಓದುವ ಹಳ್ಳಿಯವರಲ್ಲಿ ಒಂದು ಕೋರಿಕೆ. ಪಂಚಾಯಿತಿ ರೇಡಿಯೋ, ಪಂಚಾಯಿತಿ ಟಿ.ವಿ. ಕಂಡ ಹಿರಿಯರು ನಿಮ್ಮ ಮನೆಯಲ್ಲಿ ಇನ್ನೂ ಇದ್ದಾರೆ. ಬೀಗದಕೈ ಯಾರ ಹತ್ತಿರ ಇತ್ತು, ಯಾರು ಎಲ್ಲಿ ಕೂರುತ್ತಿದ್ದರು, ಯಾರಿಗೆ ಒಳಗೆ ಬರಲು ಬಿಡಲಿಲ್ಲ ಎಂದು ಅವರನ್ನು ಕೇಳಿ, ಊರಿನ ಹೆಸರು ಹಾಕಿ ಬರೆದಿಡಿ.